ನೀಲಮ್ಮ ಕೈ ಬದಲಿಸಿದ ಮಳೆಗಾಲ

ನಿಮಗೆ ಹೀಗಾಗಿದೆಯಾ ಹೇಳಿ. ವಿಷಯ ಗೊತ್ತು, ಎಷ್ಟೋ ಸಲ ಓದಿದ್ದೀರಿ, ಆದರೂ ನಾಲ್ಕು ಜನರ ಮುಂದೆ ನಿಂತು ಹೇಳಬೇಕು ಎಂದಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆಯಾ? ಅದೂ ನಿಮ್ಮನ್ನು ಹೆದರಿಸಿದವರು ಯಾವ ದೊಡ್ಡ ಸಾಹೇಬರೂ ಅಲ್ಲ, ಎರಡು ಜಡೆ ಹಾಕಿಕೊಂಡ ಎಂಟನೇ ಕ್ಲಾಸಿನ ಹುಡುಗಿಯಾಗಿದ್ದರೆ? ನನಗಂತೂ ಆಗಿದೆ. ನಿಮಗೂ ಆಗಿದ್ದರೆ ಪೂರ್ತಿ ಓದಿ. ಆಗಿಲ್ಲದಿದ್ದರೂ ಓದಿ, ನನ್ನನ್ನು ನೋಡಿ ನಗುವುದಕ್ಕಾದರೂ.

ಕಳೆದ ವಾರ ನಮ್ಮ ಮನೆಯವರು ಪುಣೆಯ ಕೊಂಢವಾದಲ್ಲಿ ತಾವು ಸೂಪರ್‌ವೈಸರ್ ಆಗಿರುವ ಸೈಟಿನಲ್ಲಿ ಮೊಳೆ ತುಳಿದುಕೊಂಡು ಬಂದರು. ಇಂಜೆಕ್ಷನ್ ಮಾಡಿಸಲು ಕರೆದುಕೊಂಡು ಹೋದೆ. ನರ್ಸ್ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅವರ ತೋಳಿಗೆ ಒರೆಸಿದಳು. ಆ ತಣ್ಣನೆಯ, ಮೂಗಿನ ತುದಿಗೆ ಚುಚ್ಚುವ ವಾಸನೆ ಬಂತು ನೋಡಿ, ನನ್ನ ಅಂಗೈ ಎರಡೂ ಒದ್ದೆಯಾದವು. ಮನೆಯವರು ನನ್ನ ಮುಖ ನೋಡಿದರು.

“ಸೂಜಿ ನನಗ, ಬೆವರು ನಿನಗ ಬಂದದಲ್ಲ. ಗಂಡನ ಮ್ಯಾಲ ಇಷ್ಟ್ ಪ್ರೀತಿ ಅದ ಅಂತ ಗೊತ್ತs ಇರಲಿಲ್ಲ ಬಿಡು.”

“ಪ್ರೀತೀನೂ ಇಲ್ಲ, ಏನೂ ಇಲ್ಲ. ಸುಮ್ಮ ಕೂಡ್ರಿ,” ಎಂದೆ.

ನಿಜ ಹೇಳಬೇಕೆಂದರೆ ನಾನು ಆ ಕ್ಲಿನಿಕ್ಕಿನಲ್ಲಿ ಇರಲೇ ಇಲ್ಲ. ಬಿಬವೇವಾಡಿಯ ಒಂದು ಮರಾಠಿ ಶಾಲೆಯ ಕ್ಲಾಸಿನಲ್ಲಿದ್ದೆ. ಒಂದು ಕೈಯಲ್ಲಿ ಮುಚ್ಚಳ ತೆಗೆದ ಸ್ಪಿರಿಟ್ ಬಾಟಲಿ, ಇನ್ನೊಂದರಲ್ಲಿ ಮಡಚಿದ ಬಟ್ಟೆ, ಎದುರಿಗೆ ಮಕ್ಕಳು.

ನಾನು ಯಾದಗಿರಿ ಕಡೆಯವಳು. ಬಿ.ಎಸ್ಸಿ ಮುಗಿಸಿ ಮದುವೆಯಾಗಿ ಪುಣೆಗೆ ಬಂದವಳು. ಮನೆ, ಮಕ್ಕಳು, ಅತ್ತೆಯವರ ಬಿಪಿ ಮಾತ್ರೆ, ಇಷ್ಟರಲ್ಲೇ ವರ್ಷಗಳು ಹೋದವು. ನಲವತ್ತು ಹತ್ತಿರ ಬಂದಾಗ ಅದೇನು ತಲೆಗೆ ಹತ್ತಿತೋ, ಬಿ.ಎಡ್ ಸೇರಿಕೊಂಡೆ. ನನ್ನ ಜೊತೆಗಿದ್ದ ಹುಡುಗಿಯರೆಲ್ಲ ನನ್ನನ್ನು ‘ಕಾಕೂ’, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಕೋರ್ಸಿನ ಕೊನೆಯ ಮಳೆಗಾಲದಲ್ಲಿ ನಮ್ಮನ್ನು ಶಾಲೆಗಳಿಗೆ ಹಂಚಿದರು. ತಿಂಗಳುಗಟ್ಟಲೆ ಅಲ್ಲಿ ಪಾಠ ಮಾಡಬೇಕು, ಕಡೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಪಾಠ ನೋಡುತ್ತಾರೆ. ಆ ಒಂದು ಪಾಠದಲ್ಲಿ ಪಾಸಾದರೆ ಅದೇ ಶಾಲೆಯಲ್ಲಿ ಖಾಲಿಯಿದ್ದ ವಿಜ್ಞಾನ ಟೀಚರ್ ಜಾಗ ನನಗೆ ಸಿಗುವ ಮಾತಿತ್ತು. ಬಿದ್ದರೆ ಮುಂದಿನ ವರ್ಷ ಮತ್ತೆ ಕಟ್ಟಬಹುದು ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ನನ್ನ ಧೈರ್ಯ ಎಷ್ಟು ಎಂಬುದು ನನಗೆ ತಾನೇ ಗೊತ್ತು. ಒಮ್ಮೆ ಬಿದ್ದರೆ ನಾನು ಎರಡನೇ ಸಲ ಕ್ಲಾಸಿನ ಮುಂದೆ ನಿಲ್ಲುವವಳಲ್ಲ.

ವಿಜ್ಞಾನ ಗೊತ್ತಿದ್ದರೆ ವಿಜ್ಞಾನ ಕಲಿಸಬಹುದು ಅಂದುಕೊಂಡೇ ಹೋಗಿದ್ದೆ. ಮೊದಲ ವಾರದಲ್ಲೇ ಆ ಗಾಳಿ ಇಳಿಯಿತು. ಬೋರ್ಡಿನ ಮೇಲೆ ನನ್ನ ಸಾಲುಗಳು ಘಟ್ಟ ಇಳಿದ ಹಾಗೆ ಕೆಳಗೆ ಜಾರುತ್ತಿದ್ದವು. ಬೋರ್ಡಿಗೆ ತಿರುಗಿದರೆ ಹಿಂದೆ ಗಲಾಟೆ, ಮಕ್ಕಳ ಕಡೆ ತಿರುಗಿದರೆ ಬರೆಯುವುದು ನಿಲ್ಲುತ್ತಿತ್ತು. ಅರ್ಧ ಮೈ ಮಕ್ಕಳ ಕಡೆ, ಅರ್ಧ ಬೋರ್ಡಿನ ಕಡೆ ಇಟ್ಟು ಬರೆಯುವುದನ್ನು ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೀಮೆಸುಣ್ಣ ಹಿಡಿದು ಕಲಿತೆ. ಮಾತು ಮರಾಠಿ, ಮನಸ್ಸಿನೊಳಗಿನ ಲೆಕ್ಕ ಕನ್ನಡ, ಓದಿದ ಪಾರಿಭಾಷಿಕ ಪದಗಳೆಲ್ಲ ಇಂಗ್ಲಿಷ್. ಸಂಜೆ ಮನೆಯವರನ್ನು ಕುರ್ಚಿಯಲ್ಲಿ ಕೂರಿಸಿ ಪಾಠ ಒಪ್ಪಿಸುತ್ತಿದ್ದೆ. ಐದು ನಿಮಿಷವೂ ಆಗಿರುತ್ತಿರಲಿಲ್ಲ, ಅವರು ಕಿರುಬೆರಳು ಎತ್ತುತ್ತಿದ್ದರು.

“ಮ್ಯಾಡಮ್, ಒಂದಕ್ಕ ಹೋಗಿ ಬರ್ಲೇನ್ರಿ?”

“ಹೋಗ್ರಿ. ಹಂಗs ಬರೂವಾಗ ಹಾಲಿನ ಪಾಕೀಟ ತರ್ರಿ.”

ಶಾಲೆಯಲ್ಲಿ ನನಗೆ ಮಾರ್ಗದರ್ಶಕರು ಹಿರೇಮಠ ಸರ್. ಸೊಲ್ಲಾಪುರದವರು, ನಿವೃತ್ತಿಗೆ ಬಂದವರು, ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ಕನ್ನಡ, ಕ್ಲಾಸಿಗೆ ಕಾಲಿಟ್ಟರೆ ಮರಾಠಿ. ಒಳ್ಳೆಯ ಮನುಷ್ಯ. ಎಷ್ಟೋ ಜನ ಬಿ.ಎಡ್ ಹುಡುಗಿಯರು ಪರೀಕ್ಷೆಯ ದಿನ ಅತ್ತು ಓಡಿಹೋದದ್ದನ್ನು ನೋಡಿದವರು. ಬಿ.ಎಡ್ ಮಾಡಿದವರಿಗೆ ಗೊತ್ತು, ಪಾಠದ ಯೋಜನೆ ಬರೆಯುವಾಗ ಒಂದು ಕಡೆ ಟೀಚರ್ ಕೇಳುವ ಪ್ರಶ್ನೆ, ಇನ್ನೊಂದು ಕಡೆ ಮಕ್ಕಳು ಕೊಡುವ ಉತ್ತರ ಎಂದು ಬರೆಯಬೇಕು. ಮಕ್ಕಳು ಬಾಯಿ ಬಿಡುವ ಮೊದಲೇ ಅವರು ಏನು ಹೇಳುತ್ತಾರೆ ಎಂದು ನಾವೇ ಬರೆದಿಡುವುದು. ನನಗೆ ಅದೊಂದು ಸಮಾಧಾನ. ಪರವಾಗಿಲ್ಲ, ಎಲ್ಲ ಮೊದಲೇ ಗೊತ್ತಿದೆ, ಅದರ ಪ್ರಕಾರವೇ ನಡೆಯುತ್ತದೆ.

ನೀಲಮ್ಮ ಅದರ ಪ್ರಕಾರ ನಡೆಯುವವಳಲ್ಲ.

ನನ್ನನ್ನು ಹೆದರಿಸಿದ ಎರಡು ಜಡೆಯ ಹುಡುಗಿ ಇವಳೇ. ಅಪ್ಪ ಅವ್ವ ಯಾದಗಿರಿಯಿಂದ ಬಂದವರು, ಕೊಂಢವಾದಲ್ಲಿ ಕಟ್ಟಡದ ಕೆಲಸ. ನಾನು ಅವರ ಕಡೆಯವಳು ಎಂದು ಗೊತ್ತಾದ ದಿನದಿಂದ ಆ ಹುಡುಗಿಗೆ ನನ್ನ ಮೇಲೆ ಪೂರ್ತಿ ಹಕ್ಕು. ಕ್ಲಾಸಿನಲ್ಲಿ ಮರಾಠಿಯಲ್ಲಿ ಪ್ರಶ್ನೆ, ವರಾಂಡದಲ್ಲಿ ಹಿಡಿದು ನಿಲ್ಲಿಸಿ ಅದೇ ಪ್ರಶ್ನೆ ಕನ್ನಡದಲ್ಲಿ. ಗಿಡ ಬಿಸಿಲಿನಲ್ಲಿ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ ಎಂದು ಹೇಳಿದ ದಿನ ಅವಳು ನನ್ನ ದಾರಿಗೆ ಅಡ್ಡ ನಿಂತಳು.

“ಮ್ಯಾಡಮ್, ಹಂಗಾದ್ರ ರಾತ್ರಿ ಗಿಡ ಏನ್ ಉಣ್ತದ್ರಿ?”

“ನಾಳೆ ಹೇಳ್ತೀನವಾ.”

“ನಿನ್ನಿದೂ ಬಾಕಿ ಅದರಿ.”

ನಿನ್ನೆಯದು ಇನ್ನೂ ಕಠಿಣ. ಎಲೆಯ ಹಸಿರು ಬಣ್ಣವನ್ನೆಲ್ಲ ತೆಗೆದರೆ ಆ ಎಲೆ ಸತ್ತಂತೆಯೋ ಬದುಕಿದಂತೆಯೋ ಎಂದು ಕೇಳಿದ್ದಳು. ನೀವೇ ಹೇಳಿ, ಇದನ್ನು ನಾನು ಯಾವ ಕಡೆ ಬರೆಯಲಿ? ಅವಳ ಕೈ ಮೇಲೇಳುವುದನ್ನು ಕಂಡರೆ ನಾನು ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದೆ. ಬಸ್ಸಿನಲ್ಲಿ ಕುಳಿತು, ಇವತ್ತು ಆ ಹುಡುಗಿ ಬಂದಿರದಿದ್ದರೆ ಸಾಕು ಎಂದು ದೇವರಿಗೆ ಹೇಳಿಕೊಂಡ ದಿನಗಳಿವೆ. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಮಳೆಯಲ್ಲಿ ಸಿಮೆಂಟಿನ ಖಾಲಿ ಚೀಲ ತಲೆಗೆ ಹಾಕಿಕೊಂಡು ಬರುತ್ತಿದ್ದಳು.

ಪರೀಕ್ಷೆಗೆ ನಾನು ಆರಿಸಿದ ಪಾಠ ಎಲೆಯಲ್ಲಿ ಪಿಷ್ಟ ಇದೆಯೇ ಎಂದು ನೋಡುವುದು. ಎಲೆಯನ್ನು ನೀರಿನಲ್ಲಿ ಕುದಿಸಬೇಕು, ಆಮೇಲೆ ಟೆಸ್ಟ್ ಟ್ಯೂಬಿನಲ್ಲಿ ಸ್ಪಿರಿಟ್ ಹಾಕಿ, ಎಲೆಯನ್ನು ಅದರಲ್ಲಿಟ್ಟು, ಆ ಟ್ಯೂಬನ್ನು ಬಿಸಿನೀರಿನಲ್ಲಿ ನಿಲ್ಲಿಸಬೇಕು. ಹಸಿರೆಲ್ಲ ಬಿಟ್ಟು ಎಲೆ ಬೆಳ್ಳಗಾಗುತ್ತದೆ. ಅದರ ಮೇಲೆ ಅಯೋಡಿನ್ ಹನಿ ಬಿಟ್ಟರೆ, ಪಿಷ್ಟ ಇದ್ದ ಕಡೆ ಕಡುನೀಲಿ. ನೋಡಲು ಜಾದೂ ಇದ್ದ ಹಾಗೆ. ಆದರೆ ಸ್ಪಿರಿಟ್ ಮತ್ತು ಬೆಂಕಿ ಎರಡೂ ಒಂದೇ ಮೇಜಿನ ಮೇಲೆ. ಹಿರೇಮಠ ಸರ್ ದಿನಾ ಒಂದೇ ಮಾತು ಹೇಳುತ್ತಿದ್ದರು.

“ತಂಗಿ, ಉರಿಯೂ ದೀಪಕ್ಕ ಸ್ಪಿರಿಟ್ ಹಾಕ್ಬ್ಯಾಡ. ದೀಪ ಆರಬೇಕು, ತಣ್ಣಗಾಗಬೇಕು, ಆಮ್ಯಾಲ ಬಾಟ್ಲಿ ಮುಟ್ಟು. ಬಾಕಿ ಎಲ್ಲಾ ಮರತ್ರೂ ನಡೀತದ. ಇದನ್ನ ಮರೀಬ್ಯಾಡ.”

ನಾನು ಮರೆಯಲಿಲ್ಲ. ಅದು ನೆನಪಿರಲಿ.

ಆ ವರ್ಷ ಮಳೆ ಬಿಡಲಿಲ್ಲ. ಕ್ಲಾಸಿನಲ್ಲಿ ಹಗಲಲ್ಲೇ ಮಬ್ಬು. ಬೆಂಕಿಪೊಟ್ಟಣ ತೇವವಾಗಿ ಕಡ್ಡಿಯ ತಲೆ ಕಿತ್ತು ಬರುತ್ತಿತ್ತು. ಆ ಮಬ್ಬಿನಲ್ಲಿ ಸ್ಪಿರಿಟ್ ದೀಪದ ಉರಿ ನೀಲಿಯಾಗಿ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಎಷ್ಟೋ ಸಲ ಮಾಡಿ ನೋಡಿದೆ. ದೀಪ ಸರಿ, ನೀರು ಸರಿ, ಆದರೆ ಎಲೆ ಮಾತ್ರ ಕೈಕೊಡುತ್ತಿತ್ತು. ಶಾಲೆಯ ಕಾಂಪೌಂಡಿನ ದಾಸವಾಳದ ಎಲೆ ತಂದು ಅಯೋಡಿನ್ ಬಿಟ್ಟರೆ ಅಲ್ಲಲ್ಲಿ ಕಂದು ಚುಕ್ಕೆ, ಅಷ್ಟೇ.

“ಬಿಸಲ ಕಾಣದ ಎಲಿಯಾಗ ಏನ್ ಇರ್ತದ ತಂಗಿ,” ಎಂದರು ಸರ್. “ಎರಡ ದಿನ ಚೊಲೋ ಬಿಸಲ ಬೀಳ್ಬೇಕು.”

ಅಂದಿನಿಂದ ನನ್ನ ಹರಕೆ ಬದಲಾಯಿತು. ನೀಲಮ್ಮ ಬರದಿರಲಿ ಎನ್ನುವುದನ್ನು ಬಿಟ್ಟು ಬಿಸಿಲು ಬರಲಿ ಎಂದು ಬೇಡತೊಡಗಿದೆ.

ಪರೀಕ್ಷೆಗೆ ಮುಂಚಿನ ದಿನ ಸರ್ ಕ್ಲಾಸಿಗೆ ಬಂದು ಮಕ್ಕಳಿಗೆ ತಾಲೀಮು ಕೊಟ್ಟರು. ನಮ್ಮಲ್ಲಿ ಬಹಳ ಶಾಲೆಗಳಲ್ಲಿ ಇದು ನಡೆಯುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮ್ಯಾಡಮ್ ಪ್ರಶ್ನೆ ಕೇಳಿದರೆ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಹಿಂದೆ ಕುಳಿತವರಿಗೆ ಇಡೀ ಕ್ಲಾಸೇ ಜಾಣರ ಸಂತೆಯಾಗಿ ಕಾಣುತ್ತದೆ. ಟೀಚರ್ ಬಲಗೈಯವರನ್ನು ಮಾತ್ರ ಎಬ್ಬಿಸುತ್ತಾರೆ. ಎಲ್ಲ ಹೇಳಿದ ಮೇಲೆ ಸರ್ ನೀಲಮ್ಮನ ಕಡೆ ತಿರುಗಿ, ಕ್ಲಾಸಿನಲ್ಲಿ ಮೊದಲ ಸಲ, ಕನ್ನಡಕ್ಕೆ ಇಳಿದರು.

“ನೀಲಮ್ಮ, ನೀ ಏನಿದ್ರೂ ಎಡಗೈ.”

“ಉತ್ತರ ಗೊತ್ತಿದ್ರೂ?”

“ಗೊತ್ತಿದ್ರೂ.”

“ಯಾಕ್ರಿ ಸರ್?”

“ನೋಡು, ಇದಕ್ಕs.”

ಮಾತು ತಿಳಿಯದಿದ್ದರೂ ಸರ್ ಹೇಳಿದ ಧಾಟಿಗೆ ಇಡೀ ಕ್ಲಾಸು ನಕ್ಕಿತು. ನೀಲಮ್ಮ ನಗಲಿಲ್ಲ. ನನ್ನ ಕಡೆ ನೋಡಿದಳು. ನಾನು ಡಸ್ಟರ್ ಹುಡುಕುತ್ತಿದ್ದೆ, ಅದು ನನ್ನ ಕೈಯಲ್ಲೇ ಇತ್ತು.

ಮಾರನೇ ದಿನ ಬಿಸಿಲು. ಹಿಂದಿನ ದಿನವೇ ಮೋಡ ಒಡೆದಿತ್ತು, ಆ ದಿನವಂತೂ ಮಳೆಗಾಲವೇ ಮರೆತುಹೋಗುವಂಥ ಬಿಸಿಲು. ದಾಸವಾಳದ ಎಲೆ ಕಿತ್ತುಕೊಂಡೆ, ದೇವರಿಗೆ ಕೈಮುಗಿದೆ. ಎಲ್ಲರಿಗೂ ಚೆನ್ನಾಗಿ ಕಾಣಲಿ ಎಂದು ಸರ್ ಮುಂದಿನ ಬೆಂಚುಗಳನ್ನು ನನ್ನ ಮೇಜಿನ ತೀರ ಹತ್ತಿರಕ್ಕೆ ಎಳೆಸಿದ್ದರು. ಮೊದಲ ಸಾಲಿನ ಹುಡುಗಿಯರು ಮುಂದಕ್ಕೆ ಬಾಗಿದರೆ ಅವರ ರಿಬ್ಬನ್ ನನ್ನ ಮೇಜಿಗೆ ತಾಗುತ್ತಿತ್ತು. ಪರೀಕ್ಷಕಿ ಬಂದರು. ಕಾಟನ್ ಸೀರೆಯ, ಕನ್ನಡಕದ, ಮುಖದಲ್ಲಿ ಏನನ್ನೂ ತೋರಿಸದ ಹೆಂಗಸು. ಕೊನೆಯ ಬೆಂಚಿನಲ್ಲಿ ಕುಳಿತು ಪೆನ್ನಿನ ಕ್ಯಾಪ್ ತೆಗೆದರು. ಸರ್ ಬಾಗಿಲ ಹತ್ತಿರ ನಿಂತರು.

ಮೊದಲರ್ಧ ಹೇಗೆ ಹೋಯಿತೋ ಗೊತ್ತಿಲ್ಲ. ಪ್ರಶ್ನೆ ಕೇಳಿದೆ, ಕೈಗಳು ಎದ್ದವು, ಬಲಗೈಗಳು ಬಾಯಿಪಾಠ ಮಾಡಿದ ಉತ್ತರ ಕೊಟ್ಟವು. ಕಿಟಕಿಯ ಪಕ್ಕ ಒಂದು ಎಡಗೈ ಪ್ರತಿ ಸಲವೂ ಎದ್ದು ಪ್ರತಿ ಸಲವೂ ಇಳಿಯಿತು. ಎಲೆ ನೀರಿನಲ್ಲಿ ಬೆಂದಿತು. ಟ್ಯೂಬಿಗೆ ಸ್ಪಿರಿಟ್ ಹಾಕಿ ಎಲೆಯನ್ನು ಇಳಿಸಿದೆ, ಬಿಸಿನೀರಿನ ಬೀಕರಿನಲ್ಲಿ ನಿಲ್ಲಿಸಿದೆ. ಹಸಿರು ಇನ್ನೇನು ಬಿಡಬೇಕು, ನೀರಿನ ಗುಳ್ಳೆಗಳು ನಿಂತವು.

ದೀಪ ನೋಡಿದೆ. ಉರಿ ಇಲ್ಲ. ಕಿಟಕಿಯಿಂದ ಬಂದ ಗಾಳಿಗೆ ಆರಿದೆ. ಒಳಗೆ ಸ್ಪಿರಿಟ್ ಕೂಡ ತಳ ಕಂಡಿದೆ.

ನೀರು ತಣ್ಣಗಾದರೆ ಎಲೆ ಹಸಿರಾಗಿಯೇ ಉಳಿಯುತ್ತದೆ, ಪ್ರಯೋಗ ಕೆಡುತ್ತದೆ, ನಾನು ಬಿದ್ದೆ. ಕೊನೆಯ ಬೆಂಚಿನಲ್ಲಿ ಪೆನ್ನು ಏನನ್ನೋ ಬರೆಯುತ್ತಿತ್ತು. ಉರಿಯುವ ದೀಪಕ್ಕೆ ಸ್ಪಿರಿಟ್ ಹಾಕಬಾರದು, ಗೊತ್ತು. ಇದು ಉರಿಯುತ್ತಿಲ್ಲವಲ್ಲ, ಕಣ್ಣಾರೆ ನೋಡಿದ್ದೇನೆ. ತಣ್ಣಗಾಗಲು ಬಿಡುವಷ್ಟು ಹೊತ್ತಿಲ್ಲ, ಬಟ್ಟೆಯಿಂದ ಹಿಡಿದರಾಯಿತು. ದೀಪವನ್ನು ಸ್ಟ್ಯಾಂಡಿನ ಕೆಳಗಿಂದ ಈಚೆಗೆ, ಮಕ್ಕಳ ಕಡೆಗೆ ಎಳೆದೆ. ಬಾಟಲಿಯ ಮುಚ್ಚಳ ತೆಗೆದೆ. ವಾಸನೆ ಮೂಗಿಗೆ ಬಂತು.

ಕಿಟಕಿಯ ಪಕ್ಕದ ಎಡಗೈ ಎದ್ದಿತು.

ನಾನು ಏನೂ ಕೇಳಿರಲಿಲ್ಲ, ಆದರೂ ಎದ್ದಿತು. ಕಣ್ಣಿನ ಅಂಚಿನಲ್ಲಿ ಕಂಡೆ. ಈಗ ಬೇಡ ತಾಯಿ, ಇನ್ನು ಹತ್ತು ನಿಮಿಷ ತಡೆದುಕೋ ಎಂದುಕೊಂಡೆ. ಎಡಗೈಯನ್ನು ಕೇಳಬಾರದು, ಅದೇ ತಾಲೀಮು. ಅವಳಿಗೂ ಗೊತ್ತು, ನನಗೂ ಗೊತ್ತು. ಬಾಟಲಿ ಎತ್ತಿದೆ. ಆ ಕೈ ಇಳಿಯಲಿಲ್ಲ. ಜೋರಾಗಿ ಅಲ್ಲಾಡಿತು, ಆಮೇಲೆ ಹುಡುಗಿ ಎದ್ದೇ ನಿಂತಳು. ಬಾಯಿ ಬಿಗಿಹಿಡಿದಿದ್ದಳು. ಮಾತಾಡಬೇಡ ಎಂದು ನಾವೇ ಹೇಳಿದ್ದೆವಲ್ಲ.

ಆಮೇಲೆ ಅವಳು ಎಡಗೈ ಇಳಿಸಿ ಬಲಗೈ ಎತ್ತಿದಳು.

ಇಷ್ಟು ದಿನ ಪ್ರಶ್ನೆ ಕೇಳಿ ಕೇಳಿ ನನ್ನ ಜೀವ ತೆಗೆದವಳು, ‘ನನಗೆ ಗೊತ್ತು’ ಎಂದು ಕೈ ಎತ್ತಿ ನಿಂತಿದ್ದಾಳೆ. ಬಾಟಲಿ ಗಾಳಿಯಲ್ಲೇ ನಿಂತಿತು. ಅದು ಯಾಕೆ ನಿಂತಿತು ಎಂದು ಇವತ್ತಿಗೂ ಹೇಳಲಾರೆ. ಧೈರ್ಯ ಅಂತೂ ಅಲ್ಲ. ಮರಾಠಿಯನ್ನೂ ಮರೆತು ಕನ್ನಡದಲ್ಲೇ ಕೇಳಿದೆ.

“ಏನ್ ನೀಲಮ್ಮ?”

“ದೀಪ ಆರಿಲ್ರಿ ಮ್ಯಾಡಮ್. ಗ್ವಾಡಿ ಮ್ಯಾಲ ನೋಡ್ರಿ.”

ತಿರುಗಿ ನೋಡಿದೆ. ನನ್ನ ಬೆನ್ನ ಹಿಂದೆ, ಬೋರ್ಡಿನ ಪಕ್ಕದ ಬಿಳಿ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಅಲ್ಲಿ ದೀಪದ ನೆರಳು, ನನ್ನ ಕೈಯ ನೆರಳು, ಬಾಟಲಿಯ ನೆರಳು. ದೀಪದ ನೆರಳಿನ ಮೇಲೆ, ಏನೂ ಇರಬಾರದ ಜಾಗದಲ್ಲಿ, ತೆಳುವಾದ ಹೊಗೆಯಂಥ ನೆರಳೊಂದು ಕುಣಿಯುತ್ತಿತ್ತು. ಬಿಸಿಗಾಳಿ. ದೀಪ ಸಣ್ಣದಾಗಿ ಉರಿಯುತ್ತಲೇ ಇತ್ತು, ಉರಿಯನ್ನು ಬಿಸಿಲು ನುಂಗಿತ್ತು. ನಾನು ಬೇಡಿಕೊಂಡು ತರಿಸಿದ ಬಿಸಿಲು. ಬಾಟಲಿಯ ಬಾಯಿಯ ನೆರಳಿಗೂ ಆ ಕುಣಿಯುವ ನೆರಳಿಗೂ ನಡುವೆ ಉಳಿದಿದ್ದ ಜಾಗ ಒಂದು ಗೇಣೂ ಇರಲಿಲ್ಲ.

ಬಾಟಲಿಯನ್ನು ಹಿಂದಕ್ಕೆ ತೆಗೆದುಕೊಂಡು ಮುಚ್ಚಳ ಹಾಕಲು ಹೋದೆ. ಮುಚ್ಚಳ ಬಾಟಲಿಯ ಬಾಯಿಗೆ ಕೂರಲೇ ಇಲ್ಲ. ಸರ್ ಓಡಿಬಂದು ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ದೂರ ಹೋಗಿ ನಿಂತರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮುಂದಿನ ಸಾಲಿನ ಹುಡುಗಿಯರು ಇನ್ನೂ ಮೇಜಿಗೆ ಬಾಗಿಕೊಂಡೇ ಇದ್ದರು. ಅವರ ಎಣ್ಣೆ ಹಚ್ಚಿದ ಕೂದಲು, ಆ ರಿಬ್ಬನ್‌ಗಳು. ನಾನು ಕುರ್ಚಿ ಹಿಡಿದುಕೊಂಡೆ.

“ಬೆಂಚು ಹಿಂದಕ್ಕೆ ಎಳೆಯಿರಿ,” ಎಂದೆ. ಎಳೆದರು.

ಪರೀಕ್ಷಕಿ ಪೆನ್ನು ಕೆಳಗಿಟ್ಟಿದ್ದರು. ಪಾಠ ಮುಗಿಯಿತು, ನಾನೂ ಮುಗಿದೆ ಎಂದು ಖಾತ್ರಿಯಾಗಿತ್ತು. ಬಹುಶಃ ಅದಕ್ಕೇ ಬಾಯಿ ತೆರೆಯಲು ಸಾಧ್ಯವಾಯಿತು. ಕಾಗದದ ಉದ್ದ ಪಟ್ಟಿ ಹರಿದು, ಉರಿಯೇ ಇಲ್ಲದ ದೀಪದ ಮೇಲೆ ದೂರದಿಂದ ಹಿಡಿದೆ. ಕಾಗದ ತಾನಾಗಿ ಕಂದಿ, ಭಗ್ಗನೆ ಹತ್ತಿಕೊಂಡಿತು. ಕಾಗದವನ್ನು ಮೇಜಿನ ಕೆಳಗಿದ್ದ ಬಕೆಟ್ಟಿನ ನೀರಿಗೆ ಹಾಕಿ, ಮುಚ್ಚಳದಿಂದ ದೀಪ ಆರಿಸಿದೆ. ಗೋಡೆಯ ಮೇಲಿನ ಕುಣಿತವೂ ನಿಂತಿತು.

“ಇದು ಉರಿಯುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ,” ಎಂದು ಮಕ್ಕಳಿಗೆ ಮರಾಠಿಯಲ್ಲಿ ಹೇಳಿದೆ. “ನೀಲಮ್ಮನಿಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದು ಅವಳೇ ಹೇಳಲಿ.”

ಉಳಿದ ಹೊತ್ತೆಲ್ಲ ಎಲೆಯ ಮಾತೇ ಬರಲಿಲ್ಲ. ಕಾಣದ ಉರಿಯನ್ನು ಮತ್ತೆ ಯಾವ ಯಾವ ರೀತಿಯಲ್ಲಿ ಕಂಡುಹಿಡಿಯಬಹುದು ಎಂದು ಮಕ್ಕಳೇ ಹೇಳಿದರು. ಯಾವ ಕೈ ಎತ್ತಬೇಕು ಎನ್ನುವುದು ಎಲ್ಲರಿಗೂ ಮರೆತುಹೋಗಿತ್ತು. ಒಬ್ಬನಂತೂ ಎರಡೂ ಕೈ ಎತ್ತಿದ.

ಗಂಟೆ ಹೊಡೆದ ಮೇಲೆ ಪರೀಕ್ಷಕಿ ಮುಂದೆ ಬಂದು ನೀಲಮ್ಮನನ್ನು ಕರೆದರು.

“ಮೊದಲು ಎಡಗೈ ಎತ್ತಿದ್ದೆ. ಆಮೇಲೆ ಯಾಕೆ ಬದಲಿಸಿದೆ?”

ಬಾಗಿಲ ಹತ್ತಿರ ಸರ್ ಕೆಮ್ಮಿದರು. ದೀಪದಿಂದ ಪಾರಾಗಿ ಇಲ್ಲಿ ಸಿಕ್ಕಿಬಿದ್ದೆವು. ಬಾಯಿ ಮುಚ್ಚಲು ಬಾರದ ಆ ಹುಡುಗಿ ಸರ್ ಅವರನ್ನು ನೋಡಿದಳು, ನನ್ನನ್ನು ನೋಡಿದಳು.

“ಕೈ ನೋಯುತ್ತಿತ್ತು, ಮ್ಯಾಡಮ್,” ಎಂದಳು.

ಪರೀಕ್ಷಕಿಯ ಮುಖದಲ್ಲಿ ಮೊದಲ ಸಲ ಏನೋ ಕಂಡಿತು. “ಹಾಗಾ? ನಮ್ಮ ಶಾಲೆಯಲ್ಲಿ ಗೊತ್ತಿಲ್ಲದವರು ಹೆಬ್ಬೆರಳು ಮಡಚಿ ಕೈ ಎತ್ತಬೇಕಿತ್ತು. ನನ್ನ ಬೆರಳೂ ಭಾರಿ ನೋಯುತ್ತಿತ್ತು,” ಎಂದು ಅವಳನ್ನು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಅವಳಿಗೆ ಉತ್ತರ ಬರುವುದಿಲ್ಲ ಅಂತ ಎಡಗೈಗೆ ಹಾಕಿದ್ದಾ?”

“ಅಲ್ಲ ಮ್ಯಾಡಮ್. ಪ್ರಶ್ನೆ ಕೇಳುತ್ತಾಳೆ ಅಂತ.”

ಅವರು ಪೆನ್ನಿಗೆ ಕ್ಯಾಪ್ ಹಾಕಿದರು. “ಕಾಗದ ಹಿಡಿದು ತೋರಿಸಿದಿರಿ ನೋಡಿ, ನೀವು ಪಾಠ ಶುರು ಮಾಡಿದ್ದು ಅಲ್ಲಿಂದ. ಅಲ್ಲಿಂದ ಮುಂದಕ್ಕೆ ಮಾತ್ರ ನಂಬರು ಕೊಡುತ್ತೇನೆ,” ಎಂದು ಹೊರಟುಹೋದರು. ಆ ಅರ್ಧ ಪಾಠದ ನಂಬರಿನಲ್ಲೇ ನಾನು ಪಾಸಾದೆ, ಅಂಚಿನಲ್ಲಿ.

ಆ ದಿನ ಹಿರೇಮಠ ಸರ್ ಸ್ಟಾಫ್ ರೂಮಿನಲ್ಲಿ ಚಹಾದ ಕಪ್ಪು ಹಿಡಿದು ಕುಡಿಯದೇ ಕುಳಿತಿದ್ದರು. ಕೊನೆಗೆ, “ತಂಗಿ, ಇನ್ಮ್ಯಾಲ ಈ ಎಡಗೈ ಬಲಗೈ ಬ್ಯಾಡ. ಯಾವ್ ಕೈಯರ ಎತ್ಲಿ, ನೀ ಕೇಳು,” ಎಂದರು.

ರಾತ್ರಿ ಗಿಡ ಏನು ಉಣ್ಣುತ್ತದೆ ಎಂಬ ನೀಲಮ್ಮನ ಬಾಕಿ ಪ್ರಶ್ನೆಯನ್ನು ನಾವು ಮುಂದಿನ ವಾರ ತೀರಿಸಿದೆವು. ಸಂಜೆ ಕಿತ್ತು ಕೂಡಲೇ ಕುದಿಸಿಟ್ಟ ಒಂದು ಎಲೆ, ಬೆಳಗಿನ ಮೊದಲ ಬಿಸಿಲಿಗೂ ಮುಂಚೆ ಅವಳೇ ಕಿತ್ತು ತಂದ ಇನ್ನೊಂದು. ಸಂಜೆಯದು ಕಡುನೀಲಿಯಾಯಿತು, ಬೆಳಗಿನದು ಬಣ್ಣ ಹಿಡಿಯಲೇ ಇಲ್ಲ. ಹಗಲಲ್ಲಿ ಕೂಡಿಟ್ಟಿದ್ದನ್ನು ಗಿಡ ರಾತ್ರಿ ಖರ್ಚು ಮಾಡಿತ್ತು.

“ಮುಂಜಾನಿಗಿ ಬುತ್ತಿ ಖಾಲಿ,” ಎಂದಳು ನೀಲಮ್ಮ. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ. ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಅವರ ಕಟ್ಟಡ ಮುಗಿದು ಆ ಕುಟುಂಬ ಬೇರೆ ಕಡೆ ಹೋಗಿತ್ತು. ನಾನು ಟೀಚರ್ ಆಗಿ ಆ ಕ್ಲಾಸಿಗೆ ಕಾಲಿಟ್ಟ ದಿನ ಕಿಟಕಿಯ ಪಕ್ಕದ ಜಾಗದಲ್ಲಿ ಬೇರೆ ಯಾರೋ ಕುಳಿತಿದ್ದರು.

ಈಗ ಮಗರಪಟ್ಟಾದ ಹತ್ತಿರದ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಮರಾಠಿ ತಪ್ಪುವುದಿಲ್ಲ, ಬೋರ್ಡಿನ ಸಾಲುಗಳೂ ಜಾರುವುದಿಲ್ಲ. ಹೆದರಿಕೆ ಮಾತ್ರ ಹೋಗಿಲ್ಲ. ದೀಪಕ್ಕೆ ಸ್ಪಿರಿಟ್ ತುಂಬುವ ಮೊದಲು ಇವತ್ತಿಗೂ ಮುಚ್ಚಳ ಹಾಕಿ ಕಾಯುತ್ತೇನೆ, ಆಮೇಲೆ ಕಾಗದದ ಪಟ್ಟಿ ಹಿಡಿದು ನೋಡುತ್ತೇನೆ, ಗೋಡೆಯನ್ನೂ ನೋಡುತ್ತೇನೆ. ಮಕ್ಕಳು ನಗುತ್ತಾರೆ. ನಗಲಿ. ನನ್ನ ಕಣ್ಣನ್ನು ನಾನು ಪೂರ್ತಿ ನಂಬುವುದಿಲ್ಲ, ಅದಕ್ಕೇ ಕ್ಲಾಸಿನಲ್ಲಿ ಎಷ್ಟು ಕಣ್ಣುಗಳಿವೆಯೋ ಅಷ್ಟೂ ನನಗೆ ಬೇಕು.

ಈಗ ನಿಮ್ಮ ಸರದಿ. ನಿಮ್ಮ ಶಾಲೆಯಲ್ಲಿ ಸಾಹೇಬರು ಬಂದ ದಿನ ಯಾವ ತಾಲೀಮು ಇತ್ತು? ಎಡಗೈಯಾ, ಮಡಚಿದ ಬೆರಳಾ, ಇನ್ನೇನಾದರೂ ಹೊಸದಾ? ನೀವು ಯಾವ ಕೈಯವರಾಗಿದ್ದಿರಿ, ನಿಮಗೆ ಏನು ಕಂಡಿತ್ತು, ಯಾರು ಕೇಳಲಿಲ್ಲ? ಕೆಳಗೆ ಬರೆಯಿರಿ, ಒಂದನ್ನೂ ಬಿಡದೆ ಓದುತ್ತೇನೆ. ಬಲಗೈಯವರು ಸ್ವಲ್ಪ ತಾಳಿ. ಎಡಗೈಯವರು ಮೊದಲು ಹೇಳಲಿ.